ರೋಶನಬಿಯ ಸಕ್ಕರೆ ಇಳಿದದ್ದು

ಗದಗ ಬಸ್ ನಿಲ್ದಾಣದಲ್ಲಿ ಹನಮಂತವ್ವ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲೇ ಕುಳಿತ ಹೆಂಗಸು ತನ್ನೂರಿನ ವಿಜ್ಞಾನ ಮಾಸ್ತರರಿಗೆ ಆಸ್ಪತ್ರೆಯ ಚೀಟಿ ಚಾಚಿದಳು.

"ಸಕ್ಕರಿ ಇಳದೈತಿ, ರೋಶನಬಿ ಅಕ್ಕಾ."

"ಖರೇನ್ರಿ ಮಾಸ್ತರ್ರ? ಮತ್ತ ಏರಿದ್ದರ ಯಾಕ? ನಾ ಸಿಹಿ ಮುಟ್ಟಿಲ್ಲ."

"ದಮ್ಮಿಗೆ ಸ್ಟಿರಾಯ್ಡ್ ಗುಳಿಗಿ ತಗೊಂಡ್ಯಲ್ಲಾ, ಅದು ಲಿವರಿನ ಜೀವಕೋಶದೊಳಗ ಹೊಕ್ಕು, ಸಕ್ಕರಿ ಮಾಡಿಸೋ ಜೀನುಗಳನ್ನ ಎಬ್ಬಿಸ್ತೈತಿ. ಡಾಕ್ಟರ್ ಗುಳಿಗಿ ಕಡಿಮಿ ಮಾಡಿದ್ರು, ಅವೂ ಸುಮ್ಮನಾದವು."

"ಹಂಗಾರ ನಮ್ಮವ್ವನಂಗ ನನ್ನ ಕಾಲು ಕತ್ತರಿಸೂದಿಲ್ಲ?"

"ಇಲ್ಲಬೇ, ಇಲ್ಲ! ಆದ್ರ ಉಳದ ಗುಳಿಗಿ ಡಾಕ್ಟರ್‌ನ್ನ ಕೇಳದ ಬಿಡಬ್ಯಾಡ."

ರೋಶನಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಯಿ ತುಂಬ ನಕ್ಕಳು. ಅಷ್ಟರಲ್ಲಿ ಅವರೂರು ಹಮ್ಮಿಗಿಯ ಬಸ್ಸು ಬಂತು. ಅವಳು ಮಾಸ್ತರರನ್ನೂ ಹಿಂದೆ ಹಾಕಿ ದಡದಡನೆ ಮೆಟ್ಟಿಲು ಹತ್ತುವುದನ್ನು ಹನಮಂತವ್ವ ನಗುತ್ತ ನೋಡಿದಳು.