ಗೋಡೆತೊಟ್ಟಿಯ ಮೀನುಗಳು ಸತ್ತ ಬಗ್ಗೆ

ನನ್ನ ಹೆಸರು ಠಾಣೆಯ ಪುಸ್ತಕದಲ್ಲಿ ಬರೆದುಕೊಂಡಿರುವಂತೆ. ಬೀದಿಯಲ್ಲಿ ಎಲ್ಲರೂ ಕರೆಯುವುದು ‘ಕರಪತ್ರ’ ಎಂದು. ವಯಸ್ಸು ಇಪ್ಪತ್ತೆರಡು. ಕಸುಬು, ಅಲಂಕಾರದ ಮೀನಿನ ಅಂಗಡಿಯಲ್ಲಿ ಕೆಲಸ, ಗಿರಾಕಿಗಳ ಮನೆ ಮತ್ತು ಆಫೀಸುಗಳಿಗೆ ಹೋಗಿ ತೊಟ್ಟಿ ನೋಡಿಕೊಳ್ಳುವುದು. ವಾಸ, ಅದೇ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ನನ್ನ ಅಕ್ಕನ ಜೊತೆ. ಬೂಟು ಕಾರ್ಖಾನೆಯ ಮಾಲೀಕರು ನನ್ನ ಮೇಲೆ ಕೊಟ್ಟ ದೂರನ್ನು ನನಗೆ ಓದಿ ಹೇಳಿದರು. ತೊಟ್ಟಿಯ ನೀರಿಗೆ ನಾನು ವಿಷ ಬೆರೆಸಿ ಮೀನುಗಳನ್ನು ಕೊಂದೆ ಎಂದು ಅದರಲ್ಲಿದೆ. ಅದಕ್ಕೆ ಉತ್ತರವಾಗಿ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ:

ಆ ತೊಟ್ಟಿ ಐದು ಅಡಿ ಉದ್ದ, ಎರಡು ಅಡಿ ಎತ್ತರ. ಅದನ್ನು ಕಾರ್ಖಾನೆಯ ನಡುಗೋಡೆಯೊಳಗೆ ಕೂರಿಸಲಾಗಿದೆ. ಅದರ ಮುಂಭಾಗ ಅತಿಥಿಗಳು ಕೂರುವ ಕೋಣೆಗೆ ಕಾಣುತ್ತದೆ. ಹಿಂಭಾಗ ಅಂಟಿನ ಕೋಣೆಗೆ ಇದೆ. ಅಂಟಿನ ಕೋಣೆ ಎಂದರೆ ಹೆಂಗಸರು ಸಾಲಾಗಿ ಕೂತು ಬೂಟಿನ ಅಟ್ಟೆಗೆ ಸೊಲ್ಯೂಷನ್ ಎನ್ನುವ ಅಂಟು ಬಳಿದು ಒತ್ತುವ ಜಾಗ. ನನ್ನ ಅಕ್ಕ ಅಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಾಳೆ. ನೀರಿಗೆ ಗುಳ್ಳೆ ಬಿಡುವ ಗಾಳಿಪಂಪು ಗುಂಯ್‌ಗುಡುತ್ತದೆ, ಅತಿಥಿಗಳಿಗೆ ಕಿರಿಕಿರಿ ಎಂದು ಮಾಲೀಕರು ಹೇಳಿದ್ದರಿಂದ ಅದನ್ನು ಅಂಟಿನ ಕೋಣೆಯ ಕಡೆ ಹಲಗೆಯ ಮೇಲೆ ಇಟ್ಟಿದ್ದೆವು. ಕೂರಿಸಿದವರು ನಮ್ಮ ಅಂಗಡಿಯ ಯಜಮಾನರು. ಅವರನ್ನು ಊರೆಲ್ಲ ಮೀನಜ್ಜ ಎನ್ನುತ್ತದೆ.

ಮೀನು ಸಾಕುವುದರಲ್ಲಿ ಮೀನಜ್ಜನ ಕೈಯಲ್ಲಿ ತಪ್ಪು ಹುಡುಕುವುದು ಕಷ್ಟ. ನೀನು ಮೀನು ಸಾಕಬೇಡ ಕಣೋ, ನೀರು ಸಾಕು, ಮೀನು ತಾನಾಗೇ ಬದುಕ್ಕೊಳ್ಳುತ್ತೆ ಎಂದು ಅವರು ನನಗೆ ಮೊದಲ ದಿನವೇ ಹೇಳಿದ್ದರು. ಆ ತೊಟ್ಟಿಗೂ ಹಾಗೇ ಮಾಡಿದೆವು. ಮೀನಿಲ್ಲದೆ ತಿಂಗಳುಗಟ್ಟಲೆ ನೀರು ಹದಕ್ಕೆ ಬರಲು ಬಿಟ್ಟೆವು. ನಲ್ಲಿಯ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಇಟ್ಟು, ಔಷಧಿ ವಾಸನೆ ಹೋದ ಮೇಲೆ ಹಾಕುತ್ತಿದ್ದೆವು. ವಾರಕ್ಕೊಮ್ಮೆ ಕಾಲುಭಾಗ ನೀರು ಮಾತ್ರ ಬದಲಾಯಿಸುತ್ತಿದ್ದೆ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯ ನೀರಲ್ಲೇ ಹಿಂಡುತ್ತಿದ್ದೆ, ನಲ್ಲಿಯಡಿ ಹಿಡಿಯುತ್ತಿರಲಿಲ್ಲ. ಹೀಟರು ಇಪ್ಪತ್ತಾರು ಡಿಗ್ರಿಗೆ ನಿಲ್ಲುವಂತೆ ಇತ್ತು. ಧೂಳು ಬೀಳದಂತೆ ಮೇಲೆ ಗಾಜಿನ ಮುಚ್ಚಳ. ಹೊಸ ಮೀನನ್ನು ಎರಡು ವಾರ ಅಂಗಡಿಯಲ್ಲಿ ಬೇರೆ ಇಟ್ಟು, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಬಿಡುತ್ತಿದ್ದೆವು. ಇಷ್ಟನ್ನೂ ಹೇಳುವುದೇಕೆಂದರೆ, ನೀರಿನಲ್ಲಿ ಏನೂ ಇರಲಿಲ್ಲ.

ಆದರೂ ಮೀನುಗಳು ಸತ್ತವು. ಮೊದಲು ಸತ್ತದ್ದು ಗೌರಾಮಿ. ಇದನ್ನು ದಯವಿಟ್ಟು ಬರೆದುಕೊಳ್ಳಬೇಕು. ಗೌರಾಮಿ ನೀರಿನಲ್ಲಿರುವ ಉಸಿರು ಸಾಲದೆ ಮೇಲೆ ಬಂದು ಬಾಯಿ ತೆಗೆದು, ನಮ್ಮಂತೆ ಗಾಳಿ ಕುಡಿಯುವ ಮೀನು. ಕೊಳಕು ನೀರಿನಲ್ಲೂ ಬದುಕುವ ಗಟ್ಟಿಪಿಂಡ. ಅದು ಸತ್ತು, ನಾಜೂಕಾದ ಟೆಟ್ರಾ ಮೀನುಗಳು ಎರಡು ದಿನ ಹೆಚ್ಚು ಬದುಕಿದವು. ಹೊಸ ಮೀನು ಬಿಟ್ಟೆವು. ಅವೂ ಅದೇ ಕ್ರಮದಲ್ಲಿ ಸತ್ತವು. ಮೂರನೇ ಸಲ ಮೀನಜ್ಜ ಸತ್ತ ಗೌರಾಮಿಯನ್ನು ಅಂಗೈಯಲ್ಲಿಟ್ಟು ಮೂಗಿನ ಹತ್ತಿರ ಹಿಡಿದರು. ಆಮೇಲೆ ಮುಚ್ಚಳ ಎತ್ತಿ, ತಲೆ ಬಗ್ಗಿಸಿ ಅಲ್ಲೂ ಮೂಸಿದರು. ಪಂಪು ಈ ಅಂಟಿನ ಕೋಣೆ ಗಾಳೀನೇ ಎಳೆದು ನೀರಿಗೆ ತುಂಬ್ತಾ ಇದೆ ಮಗಾ, ಸೊಲ್ಯೂಷನ್ ವಾಸನೆ ಮೀನಿಗೆ ಆಗಲ್ಲ ಎಂದರು. ಅದೇ ಮಧ್ಯಾಹ್ನ ಕಿಟಕಿಯ ಚೌಕಟ್ಟಿಗೆ ರಂಧ್ರ ಕೊರೆದು, ಪಂಪನ್ನು ಹೊರಗೋಡೆಗೆ ತಗಡಿನ ಮರೆಯಲ್ಲಿ ತೂಗುಹಾಕಿ, ಕೊಳವೆಯನ್ನು ಒಳಗೆ ಎಳೆದರು. ಏಣಿ ಹಿಡಿದುಕೊಂಡವನು ನಾನು.

ಏಣಿ ಹಿಡಿದುಕೊಂಡೇ ನಾನು ಕೇಳಿದೆ: ಅಜ್ಜ, ಮೀನಿಗೆ ಆಗದೆ ಇರೋ ಗಾಳಿ ಅಕ್ಕನಿಗೆ ಆಗುತ್ತಾ? ಅವರು ತಿರುಗಿ ನೋಡದೆ, ನಮ್ಮ ಕೆಲಸ ಈ ಗಾಜಿನ ತನಕ ಎಂದರು.

ಅಲ್ಲಿಂದ ಮುಂದೆ ಮೀನುಗಳು ಸಾಯಲಿಲ್ಲ. ಬಣ್ಣ ಏರಿತು. ಗೌರಾಮಿ ಗುಳ್ಳೆ ಊದಿ ಮೇಲೆ ಗೂಡು ಕಟ್ಟಿತು. ಅತಿಥಿಗಳು ಬಂದಾಗ ಮಾಲೀಕರು ಗಾಜನ್ನು ಉಗುರಿನಿಂದ ತಟ್ಟಿ, ನಮ್ಮ ಹೆಣ್ಮಕ್ಕಳು ಉಸಿರಾಡೋ ಗಾಳೀನೇ ಈ ಮೀನೂ ಉಸಿರಾಡೋದು, ನೋಡಿ ಹೇಗಿವೆ ಎನ್ನುವುದನ್ನು ನಾನು ನೀರು ಬದಲಿಸುವಾಗ ಹಲವು ಸಲ ಕೇಳಿದ್ದೇನೆ. ಅವರು ಸುಳ್ಳು ಹೇಳುತ್ತಿದ್ದರೋ ನಂಬಿಯೇ ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಪಂಪು ಹೊರಗಿದೆ ಎನ್ನುವುದು ಅವರಿಗೆ ಗೊತ್ತಿತ್ತು. ಒಂದು ದಿನ, ಧೂಳು ಬಂದು ಹಸಿ ಅಂಟಿಗೆ ಕೂರುತ್ತದೆ, ಮಾಲು ವಾಪಸ್ ಬರುತ್ತದೆ ಎಂದು ಅಂಟಿನ ಕೋಣೆಯ ಗಾಳಿ ಹೊರಹಾಕುವ ಫ್ಯಾನನ್ನು ನಿಲ್ಲಿಸಿ, ಅದರ ಬಾಯಿಗೆ ರಟ್ಟು ಹೊಡೆಸಿದರು. ಕಿಟಕಿಗಳಿಗೆ ಒಳಗಿನಿಂದ ಮೊಳೆ ಬಿತ್ತು. ತಲೆ ಸುತ್ತುತ್ತದೆ ಎಂದು ಹೇಳಲು ಹೋದ ಹೆಂಗಸರಿಗೆ, ಮೀನಿಗೇ ಇಲ್ಲದ ತಲೆನೋವು ನಿಮಗೆಲ್ಲಿಂದ ಬಂತಮ್ಮ, ನೀವೇನು ಮೀನಿಗಿಂತ ಮೆತ್ತಗಾ ಎಂದರಂತೆ. ಎಲ್ಲರೂ ನಕ್ಕರಂತೆ. ಅಕ್ಕನೂ ನಕ್ಕಳಂತೆ. ಇದನ್ನು ಅಕ್ಕನೇ ನನಗೆ ಹೇಳಿದಳು.

ಹೇಳಿಕೆ ಬರೆದುಕೊಳ್ಳುತ್ತಿರುವವರು, ಅಕ್ಕನ ವಿಷಯ ಈ ಪ್ರಕರಣಕ್ಕೆ ಬೇಕಿಲ್ಲ, ಮೀನಿನ ವಿಷಯ ಮಾತ್ರ ಹೇಳು ಎಂದರು. ಎರಡೂ ಒಂದೇ ವಿಷಯ, ಬರೆಯಲೇಬೇಕು ಎಂದು ಕೇಳಿಕೊಂಡಿದ್ದೇನೆ.

ಒಂದು ಸಂಜೆ ಅಕ್ಕ ಕೆಲಸ ಮುಗಿಸಿ ಬಂದಳು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಚಪ್ಪಲಿ ಎಲ್ಲೇ ಎಂದೆ. ಬಗ್ಗಿ ನೋಡಿಕೊಂಡಳು. ಅಯ್ಯೋ ಎಂದಳು. ಕಾಲಿನಿಂದ ಅದು ಎಲ್ಲಿ ಜಾರಿತೆಂದು ಅವಳಿಗೆ ಗೊತ್ತಿರಲಿಲ್ಲ. ಜಲ್ಲಿಕಲ್ಲಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಬಂದಿದ್ದಳು, ಹಿಮ್ಮಡಿ ಸೀಳಿ ರಕ್ತ ಬಂದಿತ್ತು, ಅದೂ ಗೊತ್ತಾಗಿರಲಿಲ್ಲ. ಬೂಟು ಮಾಡೋಳಿಗೆ ಚಪ್ಪಲಿ ಇಲ್ಲ ಅಂತ ಇನ್ಮೇಲೆ ಗಾದೆ ಮಾಡಬಹುದು ಕಣೋ ಎಂದು ಅವಳು ತಮಾಷೆ ಮಾಡಿದಳು. ನಾನು ಗಾಯ ತೊಳೆದೆ. ಬ್ರಷ್ಷಿನಿಂದ ಉಜ್ಜಿ ಜಲ್ಲಿಯ ಚೂರು ತೆಗೆದಾಗಲೂ ಅವಳು ಕಾಲು ಎಳೆದುಕೊಳ್ಳಲಿಲ್ಲ. ಜೊತೆಯವರಲ್ಲಿ ಇನ್ನಿಬ್ಬರಿಗೆ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುವುದಿಲ್ಲ, ಉಳಿದವರು ಹಾಕಿಕೊಡುತ್ತಾರೆ ಎಂದೂ ಹೇಳಿದಳು.

ನಾನು ಹೆಚ್ಚು ಓದಿದವನಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಗೇಟುಗಳ ಮುಂದೆ ಹಂಚುವ ಕರಪತ್ರಗಳನ್ನು ಬಿಸಾಡದೆ ಓದುತ್ತೇನೆ, ನನಗೆ ಆ ಅಡ್ಡಹೆಸರು ಬಂದದ್ದು ಹಾಗೆ. ಅಂಟಿನ ಆವಿ ಮೊದಲು ಬೆರಳುಗಳ ತುದಿಯನ್ನು ಕೊಲ್ಲುತ್ತದೆ, ಆಮೇಲೆ ಮೇಲೇರುತ್ತದೆ ಎಂದು ಅಂಥ ಒಂದು ಹಾಳೆಯಲ್ಲಿ ಓದಿದ್ದೆ. ಅದನ್ನು ತೆಗೆದುಕೊಂಡು ಮಾಲೀಕರ ಹತ್ತಿರ ಹೋದೆ. ಓಹೋ, ಕರಪತ್ರವೇ ಕರಪತ್ರ ಹಿಡ್ಕೊಂಡು ಬಂತಲ್ಲಪ್ಪ ಎಂದು ನಕ್ಕರು. ಹಾಳೆಯನ್ನು ನಾಲ್ಕಾಗಿ ಮಡಿಸಿ ಅಲುಗಾಡುವ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ಅಲುಗುವುದು ನಿಂತಿತು. ಗಾಳಿ ಕೆಟ್ಟಿದ್ದರೆ ನಿನ್ನ ಮೀನು ಯಾಕೆ ಸತ್ತಿಲ್ಲ, ಹೇಳು ನೋಡೋಣ ಎಂದು ಕೇಳಿದರು. ಪಂಪು ಹೊರಗಿದೆ ಸಾರ್ ಎಂದೆ. ಹೊರಗಿದ್ರೆ ಹೊರಗಿರಲಿ, ಮೀನು ಒಳಗಿದೆಯಲ್ಲ ಎಂದರು.

ಅಕ್ಕನಿಗೆ ಕೆಲಸ ಬಿಡು ಎಂದೆ. ನಾನು ಬಿಟ್ಟರೆ ನನ್ನ ಸ್ಟೂಲಿನ ಮೇಲೆ ಇನ್ನೊಬ್ಬಳು ಕೂರುತ್ತಾಳೆ, ಅವಳಿಗೂ ನಿನ್ನಂಥ ತಮ್ಮ ಇರ್ತಾನಾ ಎಂದಳು.

ನಿನ್ನೆ ಮಾಲು ಕೊಳ್ಳುವ ಕಂಪನಿಯ ಇಬ್ಬರು ಬರುವವರಿದ್ದರು. ತೊಟ್ಟಿ ಫಳಫಳ ಹೊಳೆಯಬೇಕು ಎಂದು ಮಾಲೀಕರು ಅಂಗಡಿಗೆ ಫೋನ್ ಮಾಡಿದ್ದರಿಂದ ನಾನು ಬೆಳಿಗ್ಗೆ ಎಂಟು ಗಂಟೆಗೆ ಕಾರ್ಖಾನೆಗೆ ಹೋದೆ. ಗಾಜು ಉಜ್ಜಿದೆ. ನೀರು ಬದಲಾಯಿಸಲಿಲ್ಲ. ನೀರಿಗೆ ಒಂದು ಹನಿಯನ್ನೂ ಹಾಕಲಿಲ್ಲ. ಎಂಟೂವರೆಗೆ ಹೊರಗೋಡೆಯ ಪಂಪನ್ನು ಬಿಚ್ಚಿ ತಂದು, ಮೊದಲು ಇದ್ದ ಹಲಗೆಯ ಮೇಲೆ, ಅಂಟಿನ ಕೋಣೆಯಲ್ಲಿ, ಅಕ್ಕನ ಸ್ಟೂಲಿನಿಂದ ಮೂರು ಅಡಿ ದೂರದಲ್ಲಿ ಇಟ್ಟು ಸ್ವಿಚ್ ಹಾಕಿದೆ. ನಾನು ಮಾಡಿದ್ದು ಇಷ್ಟೇ. ಅಕ್ಕ ನೋಡಿದಳು. ಬೇಡ ಕಣೋ, ಪಾಪದ ಜೀವ ಎಂದಳು. ಯಾವ ಜೀವ ಎಂದು ನಾನು ಕೇಳಿದೆ. ಅವಳು ಅಟ್ಟೆಗೆ ಅಂಟು ಬಳಿದಳು.

ಮೀನುಗಳನ್ನು ಸಾಯಿಸುವುದು ನನ್ನ ಉದ್ದೇಶವಾಗಿರಲಿಲ್ಲ. ಹಿಂದೆ ಅವು ಸಾಯಲು ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಎರಡು ಮೂರು ತಾಸಿನಲ್ಲಿ ಅವು ಮೇಲೆ ಬಂದು ಬಾಯಿ ಬಡಿಯುತ್ತವೆ, ಬಂದವರು ಏನು ಎಂದು ಕೇಳುತ್ತಾರೆ, ಕೇಳಿದ ಕೂಡಲೇ ಪಂಪು ಹೊರಗಿಡುತ್ತೇನೆ ಎಂದುಕೊಂಡಿದ್ದೆ. ಎತ್ತಿ ಹಾಕಲು ಒಳ್ಳೆಯ ನೀರಿನ ಬಕೆಟ್ಟನ್ನೂ ತಂದಿಟ್ಟುಕೊಂಡಿದ್ದೆ. ಆದರೆ ಹಿಂದೆ ಮೀನು ಸತ್ತಾಗ ಫ್ಯಾನು ತಿರುಗುತ್ತಿತ್ತು, ಕಿಟಕಿ ತೆರೆದಿತ್ತು. ಈಗ ಎರಡೂ ಮುಚ್ಚಿವೆ ಎನ್ನುವುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಹತ್ತು ಗಂಟೆಗೆ ಮುಂಚೆಯೇ ಗೌರಾಮಿಗಳು ಮೇಲೆ ಬಂದವು. ಬಾಯಿ ತೆರೆದು ಮುಚ್ಚಳದ ಕೆಳಗಿನ ಗಾಳಿ ಕುಡಿದವು. ಕುಡಿದಷ್ಟೂ ವಾಲಿದವು. ನಾನು ಅತಿಥಿಗಳ ಕೋಣೆಯ ಕಡೆಯಿಂದ ಬಕೆಟ್ ಹಿಡಿದು ಮುಚ್ಚಳ ಎತ್ತುವಾಗ ಮಾಲೀಕರು ಅತಿಥಿಗಳ ಜೊತೆ ಒಳಗೆ ಬಂದರು. ತೊಟ್ಟಿಯ ಕಡೆ ನೋಡದೆ, ಅಭ್ಯಾಸಬಲದಿಂದ ಗಾಜು ತಟ್ಟಿ, ನಮ್ಮ ಹೆಣ್ಮಕ್ಕಳು ಉಸಿರಾಡೋ ಗಾಳೀನೇ ಈ ಮೀನೂ ಉಸಿರಾಡೋದು ಎಂದರು. ಅಷ್ಟು ದಿನಗಳಲ್ಲಿ ಆ ಮಾತು ನಿಜವಾಗಿದ್ದದ್ದು ಅದೊಂದು ಸಲ. ಅವರು ತಟ್ಟಿದ ಜಾಗದಲ್ಲೇ ಗೂಡು ಕಟ್ಟಿದ್ದ ಗೌರಾಮಿ ಹೊಟ್ಟೆ ಮೇಲಾಗಿ ಗಾಜಿಗೆ ಒರಗಿತು.

ಬಂದ ಇಬ್ಬರಲ್ಲಿ ಒಬ್ಬರು ಹೆಂಗಸು, ಅವರು ಒಂದು ಕ್ಷಣ ನಿಂತು ನೋಡಿದರು. ನಾನು ಅವರಿಗೆ, ಮೇಡಂ, ಗೋಡೆಯ ಆ ಕಡೆ ಬಾಗಿಲು ತೆಗೆದು ನೋಡಿ, ದಯವಿಟ್ಟು ಒಂದೇ ಒಂದು ಸಲ ಎಂದು ಜೋರಾಗಿ ಹೇಳಿದೆ. ಅವರು ಬಾಗಿಲಿನ ಕಡೆ ನೋಡಿದರು. ಆಮೇಲೆ ಮಾಲೀಕರಿಗೆ, ಈ ತೊಟ್ಟಿ ಇಲ್ಲಿ ಬೇಡ, ನೋಡೋರಿಗೆ ಚೆನ್ನಾಗಿರಲ್ಲ, ಇದರ ಬದಲು ಗಿಡ ಇಡಿಸಿ ಎಂದರು. ಇಬ್ಬರೂ ಮಾದರಿ ಬೂಟುಗಳನ್ನು ನೋಡಲು ಮಹಡಿಗೆ ಹೋದರು. ಬಾಗಿಲನ್ನು ಯಾರೂ ತೆರೆಯಲಿಲ್ಲ.

ನಾನು ಟೆಟ್ರಾಗಳಲ್ಲಿ ಐದನ್ನು ಬಕೆಟ್ಟಿಗೆ ಎತ್ತಿಕೊಂಡೆ. ಉಳಿದವು ಸತ್ತವು. ಆ ಹೊತ್ತಿಗೆ ಕಾರ್ಖಾನೆಯ ಕಾವಲುಗಾರ ನನ್ನನ್ನು ಹಿಡಿದುಕೊಂಡ. ವಿಷಯ ತಿಳಿದು ಬಂದ ಮೀನಜ್ಜ, ಮೀನು ನಿನಗೇನೋ ಮಾಡಿತ್ತು, ಮಾತಾಡೋಕೆ ಬರದೇ ಇರೋದು ಅಂತ ಅದರ ಮೇಲೆ ತೋರಿಸಿದೆಯಾ ಎಂದು ಕೇಳಿದರು. ಅವರಿಗೆ ಕಣ್ಣೀರು ಬಂದಿತ್ತು. ಆ ಮಾತು ನನಗೆ ತಾಗಿದೆ. ಆ ಮೀನುಗಳ ಸಾವಿಗೆ ನಾನು ಕಾರಣ, ಅದಕ್ಕೆ ಶಿಕ್ಷೆ ಕೊಟ್ಟರೆ ಅನುಭವಿಸುತ್ತೇನೆ. ಆಮೇಲೆ ಅವರು ಪಂಪು ನೋಡಲು ಅಂಟಿನ ಕೋಣೆಗೆ ಹೋದರು. ಹೋದವರು ಬೇಗನೆ ಹೊರಗೆ ಬಂದು, ಮೂಗಿಗೆ ಪಂಚೆಯ ತುದಿ ಹಿಡಿದು ಮೆಟ್ಟಿಲ ಮೇಲೆ ಕುಳಿತರು. ಮತ್ತೆ ನನ್ನನ್ನು ಬೈಯಲಿಲ್ಲ. ಇದನ್ನು ಅವರನ್ನೇ ಕೇಳಬಹುದು.

ವಿಷ ಎಲ್ಲಿತ್ತು ಎಂದು ನನ್ನನ್ನು ಮೂರು ಸಲ ಕೇಳಿದ್ದಾರೆ. ಮೂರು ಸಲವೂ ಹೇಳಿದ್ದೇನೆ, ನಾಲ್ಕನೆಯದಾಗಿ ಬರೆಸುತ್ತಿದ್ದೇನೆ: ಹಲಗೆಯ ಮೇಲಿನ ಗಾಳಿಯಲ್ಲಿತ್ತು, ಈಗಲೂ ಇದೆ. ತೊಟ್ಟಿಯ ನೀರನ್ನು ಪರೀಕ್ಷೆಗೆ ಕಳಿಸಬೇಕು. ಬಕೆಟ್ಟಿನ ಐದು ಟೆಟ್ರಾಗಳು ಠಾಣೆಯ ಕಿಟಕಿಯ ಕಟ್ಟೆಯ ಮೇಲೆ ಇವೆ, ಬದುಕಿವೆ, ಅದನ್ನೂ ಗಮನಿಸಬೇಕು. ಪಂಪು ಮತ್ತು ಕೊಳವೆಯನ್ನು ಜಪ್ತಿ ಮಾಡಿದ್ದೀರಿ. ಕಿಟಕಿಯ ಚೌಕಟ್ಟಿನ ರಂಧ್ರಕ್ಕೆ ಇವತ್ತು ಬೆಳಿಗ್ಗೆ ಸಿಮೆಂಟು ತುಂಬಿದರು ಎಂದು ಅಕ್ಕ ಹೇಳಿದಳು. ಈಗ ಆ ಕೋಣೆಯ ಗಾಳಿ ಕೆಟ್ಟಿದೆ ಎಂದು ಹೇಳಲು ಮೀನೂ ಇಲ್ಲ. ಎರಡನೇ ಪಾಳಿಯ ಹೆಂಗಸರು ಈ ಹೊತ್ತಿಗೆ ಒಳಗೆ ಹೋಗಿ ಕೂತಿರುತ್ತಾರೆ. ನನ್ನನ್ನು ಎಷ್ಟು ದಿನ ಬೇಕಾದರೂ ಇಲ್ಲಿ ಇಟ್ಟುಕೊಳ್ಳಿ, ಮೊದಲು ಯಾರನ್ನಾದರೂ ಕಳಿಸಿ ಆ ಕಿಟಕಿಯ ಮೊಳೆ ಕೀಳಿಸಿ.

ಇದರಲ್ಲಿ ನಾನು ಕಂಡದ್ದು, ಮಾಡಿದ್ದು, ಅಕ್ಕ ಹೇಳಿ ಕೇಳಿದ್ದು ಬೇರೆಬೇರೆಯಾಗಿಯೇ ಇವೆ. ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಮೀನುಗಳು ಸತ್ತ ಮರುದಿನ, ಮಧ್ಯಾಹ್ನ ಮೂರು ಗಂಟೆ
ಹೇಳಿಕೆ ಕೊಟ್ಟವನ ಸಹಿ: (ಸಹಿ ಇದೆ)

ಸಾಕ್ಷಿ: ಹೇಳಿಕೆ ಕೊಟ್ಟವನ ಅಕ್ಕ. ಓದು ಬರಹ ಬಲ್ಲವಳು. ತಮ್ಮನಿಗೆ ಅಕ್ಷರ ತಿದ್ದಿಸಿದವಳು. ಪೆನ್ನು ಮೂರು ಸಲ ಕೊಟ್ಟರೂ ಬೆರಳುಗಳಲ್ಲಿ ನಿಲ್ಲದ ಕಾರಣ ಎಡಗೈ ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ.