ವೀಕ್ಷಣಾ ಗೋಪುರದ ಬೀಗದ ವಿಚಾರವಾಗಿ

ಹೇಳಿಕೆ ಕೊಡುವವರು: ನೆರೆಹೊರೆಯವರು ಜಿಪ್ ಅಕ್ಕ ಎಂದು ಕರೆಯುವ ಹೆಂಗಸು. ವಯಸ್ಸು ಐವತ್ತಾರು. ಕಸುಬು, ಮನೆಯಲ್ಲೇ ಬಟ್ಟೆ ರಿಪೇರಿ, ಹೆಚ್ಚಾಗಿ ಜಿಪ್ ಬದಲಾಯಿಸುವುದು. ವಾಸ, ಹಳೆಯ ಗೋದಾಮಿನ ಹಿಂದಿನ ರಸ್ತೆ, ನಾಲ್ಕನೆಯ ಮಹಡಿ.

ಠಾಣೆಯ ಅಧಿಕಾರಿಗಳು ಕೇಳಿದ ಮೇರೆಗೆ, ಯಾರ ಒತ್ತಾಯವೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆಯೇ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಮೂವತ್ತೊಂದು ವರ್ಷಗಳಿಂದ ಗಂಡನ ಜೊತೆ ವಾಸವಾಗಿರುತ್ತೇನೆ. ಒಬ್ಬಳೇ ಮಗಳು, ಮದುವೆಯಾಗಿ ಇದೇ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ನಮ್ಮ ಯಜಮಾನರು ಮೂವತ್ತಾರು ವರ್ಷ ಲಿಫ್ಟ್ ಕೂರಿಸುವ ಮತ್ತು ರಿಪೇರಿ ಮಾಡುವ ಕೆಲಸದಲ್ಲಿದ್ದವರು. ಆದರೂ ನಾವಿರುವ ಕಟ್ಟಡಕ್ಕೆ ಲಿಫ್ಟ್ ಇಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ನೆರೆಯವರು ತಮಾಷೆ ಮಾಡುವುದುಂಟು. ಹದಿನಾಲ್ಕು ತಿಂಗಳ ಹಿಂದೆ ಅವರ ಕಂಪನಿಯ ವೈದ್ಯರು ಪರೀಕ್ಷೆ ಮಾಡಿ, ಬಲಗೈ ನಡುಗುತ್ತದೆ ಎಂದು ಬರೆದುಕೊಟ್ಟಿದ್ದರಿಂದ, ನಿವೃತ್ತಿಗೆ ಎರಡು ವರ್ಷ ಮೊದಲೇ ಅವರನ್ನು ಮನೆಗೆ ಕಳುಹಿಸಲಾಯಿತು. ಅಂದಿನಿಂದ ಅವರು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದು ಕಡಿಮೆ. ಏನು ಕೇಳಿದರೂ ಹೂಂ ಅಥವಾ ಉಹೂಂ, ಇವೆರಡೇ ಉತ್ತರ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಮನೆಗೆ ಯಾರಾದರೂ ಬಂದಿದ್ದರೆ ಟೀಯೇ ಬೇಡ ಎನ್ನುತ್ತಾರೆ.

ನಿನ್ನೆ ಶುಕ್ರವಾರದ ಪೇಪರಿನಲ್ಲಿ, ಬೇಸಿಗೆಯ ಈ ಶನಿವಾರ ಭಾನುವಾರ ನಗರದಲ್ಲಿ ಏನೇನು ಮಾಡಬಹುದು ಎಂದು ಅರ್ಧ ಪುಟ ಬಂದಿತ್ತು. ಹೊಲಿಗೆಯ ಕತ್ತರಿಯಿಂದ ಅದನ್ನು ಕತ್ತರಿಸಿಟ್ಟುಕೊಂಡೆ. ನಾವು ಇಷ್ಟು ವರ್ಷ ಈ ಊರಿನಲ್ಲಿದ್ದು ಏನನ್ನೂ ನೋಡಿದವರಲ್ಲ. ಯಜಮಾನರು ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಹತ್ತಿದ್ದಾರೆ, ಆದರೆ ಲಿಫ್ಟ್ ಓಡುವ ಒಳಗಿನ ಕತ್ತಲ ಬಾವಿಯಲ್ಲಿ. ಇವತ್ತು ಬೆಳಿಗ್ಗೆ ಅವರ ಚಪ್ಪಲಿಯನ್ನು ಕುರ್ಚಿಯ ಮುಂದೆ ಇಟ್ಟು, ನೀವು ಬರದಿದ್ದರೆ ನಾನೊಬ್ಬಳೇ ಹೋಗುವುದಾಗಿ ತಿಳಿಸಿದೆ. ಅವರು ಐದು ನಿಮಿಷ ಚಪ್ಪಲಿ ನೋಡಿ, ಹಾಕಿಕೊಂಡರು.

9 ಗಂಟೆ 10 ನಿಮಿಷಕ್ಕೆ ಬಸ್ಸು ಹತ್ತಿದೆವು. 10 ಗಂಟೆ 5 ನಿಮಿಷಕ್ಕೆ ವಸ್ತುಸಂಗ್ರಹಾಲಯ ತಲುಪಿದೆವು. ಅಲ್ಲಿ ಅವರು ಚಿತ್ರಗಳನ್ನು ನೋಡಲಿಲ್ಲ, ಗೋಡೆಯ ವೈರಿಂಗ್ ನೋಡಿದರು. 11 ಗಂಟೆ 40 ನಿಮಿಷಕ್ಕೆ ಉದ್ಯಾನದಲ್ಲಿ ಬ್ಯಾಂಡ್ ಕೇಳಿದೆವು. ಬಿಸಿಲಿಗೆ ತುತ್ತೂರಿಯವನ ಅಂಗಿಯೆಲ್ಲ ಒದ್ದೆಯಾಗಿತ್ತು. ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು, 1 ಗಂಟೆ 20 ನಿಮಿಷಕ್ಕೆ ಕೆರೆಯಲ್ಲಿ ಕಾಲಿನಿಂದ ತುಳಿಯುವ ದೋಣಿ ಹತ್ತಿದೆವು. ಇಪ್ಪತ್ತು ನಿಮಿಷ ಇಬ್ಬರೂ ತುಳಿದೆವು. ಚೆನ್ನಾಗಿದೆಯೇ ಎಂದು ನಾನು ಕೇಳಿದ್ದಕ್ಕೆ ಅವರು ಹೂಂ ಎಂದರು. ದಡಕ್ಕೆ ಬಂದಾಗ ನನಗೆ ಅಳು ಬರುವಂತಾಗಿತ್ತು, ಮುಖ ತೊಳೆದುಕೊಂಡೆ. ಇದನ್ನು ಬರೆಯುವ ಅಗತ್ಯವಿಲ್ಲ ಎಂದು, ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರು ಹೇಳಿದರು. ಬರೆಯಿರಿ ಎಂದೆ.

2 ಗಂಟೆ 35 ನಿಮಿಷಕ್ಕೆ ವೀಕ್ಷಣಾ ಗೋಪುರದ ಬಳಿ ಬಂದೆವು. ಎತ್ತರ ಅರವತ್ತೆರಡು ಮೀಟರ್, ಆರು ಹಂತ, ಮೆಟ್ಟಿಲು ಮುನ್ನೂರ ಹದಿನೆಂಟು ಎಂದು ಫಲಕದಲ್ಲಿ ಬರೆದಿದೆ. ಲಿಫ್ಟಿಗೆ ಸಾಲು ಇತ್ತು. 2 ಗಂಟೆ 50 ನಿಮಿಷಕ್ಕೆ ನಮ್ಮ ಮುಂದಿದ್ದ ಒಂಬತ್ತು ಜನ ಒಳಗೆ ಹೋದರು. ಅವರಲ್ಲಿ ಒಬ್ಬ ತಾಯಿ ಮತ್ತು ಸುಮಾರು ನಾಲ್ಕು ವರ್ಷದ ಹೆಣ್ಣುಮಗು ಇದ್ದರು. ಮಗುವಿನ ತಂದೆಗೆ ಒಳಗೆ ಜಾಗ ಸಾಲದೆ, ಮುಂದಿನ ಸಲ ಬರುವುದಾಗಿ ಹೇಳಿ ಕೆಂಪು ಚೀಲ ಹಿಡಿದು ನಮ್ಮ ಜೊತೆ ನಿಂತರು. ಲಿಫ್ಟ್ ಮೇಲೆ ಹೋಗುತ್ತಿದ್ದಂತೆ ಗೋಪುರದ ದೀಪಗಳೆಲ್ಲ ಆರಿದವು. ನಂತರ ಲಿಫ್ಟಿನ ಒಳಗಿನಿಂದ ಅಪಾಯದ ಗಂಟೆ ಹೊಡೆಯತೊಡಗಿತು.

ನಮ್ಮ ಯಜಮಾನರು ಸಾಲು ಬಿಟ್ಟು ಮುಂದೆ ಹೋಗಿ ಲಿಫ್ಟಿನ ಬಾಗಿಲಿಗೆ ಕಿವಿ ಇಟ್ಟರು. ಆಮೇಲೆ ಯಾರನ್ನೂ ನೋಡದೆ, ‘ನಾಲ್ಕನೇ ಹಂತ ದಾಟಿ ನಿಂತಿದೆ. ಹಗ್ಗಕ್ಕೇನೂ ಆಗಿಲ್ಲ, ಬ್ರೇಕ್ ಹಿಡಿದಿದೆ. ಬೀಳಲ್ಲ’ ಎಂದರು. ಹದಿನಾಲ್ಕು ತಿಂಗಳಲ್ಲಿ ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ನಾನು ಎಣಿಸಿದೆ, ಒಂಬತ್ತು ಪದ.

ಗೋಪುರದ ಕಾವಲಿನವರು ಲಿಫ್ಟ್ ಕಂಪನಿಗೂ ಅಗ್ನಿಶಾಮಕ ದಳಕ್ಕೂ ಫೋನು ಮಾಡಿದರು. ರಿಪೇರಿಯವರು ಬರಲು ಒಂದೂವರೆ ಗಂಟೆಯಾಗುತ್ತದೆ ಎಂದು ಉತ್ತರ ಬಂದಿತು. ಅಗ್ನಿಶಾಮಕ ದಳದವರು, ಸೈಕಲ್ ಸವಾರಿಗಾಗಿ ಮುಖ್ಯ ರಸ್ತೆ ಮುಚ್ಚಿರುವುದರಿಂದ ಸುತ್ತಿಕೊಂಡು ಬರಬೇಕು, ಮುಕ್ಕಾಲು ಗಂಟೆ ಹಿಡಿಯಬಹುದು ಎಂದರು. 3 ಗಂಟೆ 2 ನಿಮಿಷಕ್ಕೆ ಮಗುವಿನ ತಂದೆಗೆ ಒಳಗಿನಿಂದ ಫೋನು ಬಂದಿತು. ಒಳಗೆ ಸೆಕೆ ತಡೆಯಲಾಗುತ್ತಿಲ್ಲ, ಮಗುವಿಗೆ ಉಸಿರು ಕಟ್ಟುತ್ತಿದೆ, ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಎಲ್ಲಿ ಎಂದು ತಾಯಿ ಕೇಳಿದರು. ಔಷಧಿ ತಂದೆಯ ಕೈಯಲ್ಲಿದ್ದ ಕೆಂಪು ಚೀಲದಲ್ಲಿತ್ತು. ಆ ಮನುಷ್ಯ ಬಾಗಿಲಿನ ಸಂದಿಗೆ ಬೆರಳು ಹಾಕಿ ಎಳೆಯಲು ಹೋದರು. ಯಜಮಾನರು ಅವರ ರಟ್ಟೆ ಹಿಡಿದು ನಿಲ್ಲಿಸಿ, ಈ ಬಾಗಿಲ ಹಿಂದೆ ಬರೀ ಬಾವಿಯಿದೆ, ಮೇಲೆಯೂ ಲಿಫ್ಟ್ ಎರಡು ಹಂತಗಳ ನಡುವೆ ಇರುವಾಗ ಬಾಗಿಲು ತೆಗೆದರೆ ಕೆಳಗಿನ ಸಂದಿಯಿಂದ ಜನ ಜಾರಿ ಬೀಳುತ್ತಾರೆಂದು ತಿಳಿಸಿದರು. ಮೇಲೆ ಯಂತ್ರದ ಕೋಣೆಯಿದೆ, ಅಲ್ಲಿಂದ ಕೈಯಲ್ಲೇ ಚಕ್ರ ತಿರುಗಿಸಿ ಲಿಫ್ಟನ್ನು ನಾಲ್ಕನೆಯ ಹಂತಕ್ಕೆ ಇಳಿಸಬಹುದು, ನೀವು ಚೀಲ ಹಿಡಿದುಕೊಂಡು ಆ ಹಂತದ ಬಾಗಿಲ ಮುಂದೆ ನಿಂತಿರಿ ಎಂದರು. ಕೋಣೆಯ ಕೀಲಿ ಕೇಳಿದ್ದಕ್ಕೆ ಕಾವಲಿನವರು, ಅದು ಕಂಪನಿಯವರ ಹತ್ತಿರ ಮಾತ್ರ ಇರುತ್ತದೆ, ಹೊರಗಿನವರು ಹೋಗುವ ಹಾಗಿಲ್ಲ ಎಂದರು.

3 ಗಂಟೆ 6 ನಿಮಿಷಕ್ಕೆ ನಾವು ಮೆಟ್ಟಿಲು ಹತ್ತತೊಡಗಿದೆವು. ಯಜಮಾನರು ಮುಂದೆ, ನಾನು ಹಿಂದೆ, ಬೇಡ ಬೇಡ ಎನ್ನುತ್ತ ಕಾವಲಿನವರು ನನ್ನ ಹಿಂದೆ. ನನಗೆ ಮಂಡಿ ನೋವು ಇದೆ. ಇನ್ನೂರರ ನಂತರ ಮೆಟ್ಟಿಲು ಎಣಿಸಲಿಲ್ಲ. ಮಗುವಿನ ತಂದೆ ಮತ್ತು ಇನ್ನೊಬ್ಬ ಕಾವಲಿನವರು ನಾಲ್ಕನೆಯ ಹಂತದಲ್ಲಿ ನಿಂತರು. ಅದನ್ನು ದಾಟುವಾಗ ಗೋಡೆಯ ಆಚೆ ಮಗು ಕೆಮ್ಮುವುದು ಕೇಳಿಸಿತು. 3 ಗಂಟೆ 19 ನಿಮಿಷಕ್ಕೆ ತುದಿ ತಲುಪಿದೆವು.

ಯಂತ್ರದ ಕೋಣೆಗೆ ಕಬ್ಬಿಣದ ಬಾಗಿಲು, ಅದಕ್ಕೆ ಅಂಗೈಯಗಲದ ಬೀಗ. ಬೀಗ ಕಂಡು ಯಜಮಾನರು ನಿಂತರು. ಬಲಗೈ ಮುಂದೆ ಚಾಚಿ ನೋಡಿಕೊಂಡರು. ಅದು ಎಲೆಯಂತೆ ನಡುಗುತ್ತಿತ್ತು. ಆಗ ನಮ್ಮಿಬ್ಬರ ನಡುವೆ ನಡೆದ ಮಾತು ಹೀಗಿತ್ತು.

‘ಈ ಕೈಯಿಂದಲೇ ಅಲ್ವೇನೇ ನನ್ನನ್ನ ಮನೆಗೆ ಕಳಿಸಿದ್ದು. ಒಳಗೆ ಒಂಬತ್ತು ಜೀವ ಇದೆ. ಏನಾದ್ರೂ ಹೆಚ್ಚುಕಡಿಮೆ ಆದ್ರೆ?’

‘ಚಕ್ರ ತಿರುಗಿಸೋದು ನಿಮಗೆ ಗೊತ್ತೋ ಇಲ್ವೋ, ಅಷ್ಟು ಹೇಳ್ರೀ.’

‘ಗೊತ್ತಿದ್ದೇನು ಮಾಡ್ಲಿ, ನಾನೀಗ ಲಿಫ್ಟಿನ ಕೆಲಸದವನಲ್ಲ.’

ಇಷ್ಟು ಹೇಳಿ ಅವರು ನಮಗೆ ಬೆನ್ನು ಮಾಡಿ ಮೇಲಿನ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು.

ಬಾಗಿಲಿನಿಂದ ಎರಡಡಿ ದೂರದ ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿತ್ತು. ನಾನು ಅದನ್ನು ಇಳಿಸಿಕೊಂಡೆ. ದಿನಾ ಹೊಲಿಗೆ ಮಷೀನು ಎತ್ತಿಡುವವಳಾದ್ದರಿಂದ ಭಾರ ಎನ್ನಿಸಲಿಲ್ಲ. ಅದರ ತಳದಿಂದ ಬೀಗಕ್ಕೆ ಮೂರು ಏಟು ಹೊಡೆದೆ. ಮೊದಲನೆಯ ಏಟು ಬಾಗಿಲಿಗೆ ಬಿತ್ತು, ಎರಡನೆಯದು ಬೀಗಕ್ಕೆ, ಮೂರನೆಯದಕ್ಕೆ ಬೀಗದ ಕೊಂಡಿ ಬಿಟ್ಟುಕೊಂಡಿತು. ಕಾವಲಿನವರು, ಇದಕ್ಕೆ ಯಾರಮ್ಮ ಜವಾಬ್ದಾರಿ ಎಂದು ಕೇಳಿದರು. ನಾನೇ, ನನ್ನ ವಿಳಾಸ ಬರೆದುಕೊಳ್ಳಿ ಎಂದು ಹೇಳಿ ವಿಳಾಸ ಕೊಟ್ಟೆ. ಬೀಗ ಒಡೆಯುವಾಗ ಯಜಮಾನರು ಬೀಗವನ್ನಾಗಲಿ ಸಿಲಿಂಡರನ್ನಾಗಲಿ ಮುಟ್ಟಿರುವುದಿಲ್ಲ. ಶಬ್ದ ಕೇಳಿದ ಮೇಲೆಯೇ ತಿರುಗಿ ನೋಡಿದ್ದಾರೆ.

ಬಾಗಿಲು ತೆರೆದಾಗ ಒಳಗಿನಿಂದ ಎಣ್ಣೆ, ಗ್ರೀಸಿನ ವಾಸನೆ ಬಂದಿತು. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ. ಯಜಮಾನರು ಎದ್ದು ಬಂದರು. ಮೊದಲು ದೊಡ್ಡ ಸ್ವಿಚ್ಚು ಆರಿಸಿ, ಕರೆಂಟ್ ಬಂದರೂ ಇದನ್ನು ಯಾರೂ ಮುಟ್ಟಬಾರದೆಂದು ಕಾವಲಿನವರನ್ನು ಅದರ ಮುಂದೆ ನಿಲ್ಲಿಸಿದರು. ಕಾವಲಿನವರು ಆ ಹೊತ್ತಿಗೆ ಬೇಡ ಎನ್ನುವುದನ್ನು ಬಿಟ್ಟಿದ್ದರು. ನಂತರ ಯಜಮಾನರು ಗೋಡೆಗೆ ತೂಗುಹಾಕಿದ್ದ ಚಕ್ರ ತೆಗೆದು ಮೋಟರಿಗೆ ಸೇರಿಸಿದರು. ಇದು ಇಬ್ಬರ ಕೆಲಸ, ಒಬ್ಬರು ಚಕ್ರ ಹಿಡಿದಿರಬೇಕು, ಇನ್ನೊಬ್ಬರು ಬ್ರೇಕಿನ ಹಿಡಿಯನ್ನು ಒತ್ತಿ ಬಿಡಬೇಕು ಎಂದು ನನಗೆ ತಿಳಿಸಿದರು. ನಾನು ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

‘ಒತ್ತು ಅಂದಾಗ ಒತ್ತು, ಬಿಡು ಅಂದಾಗ ಬಿಟ್ಬಿಡು. ಯಾಕೆ ಏನು ಅಂತ ಕೇಳ್ಬೇಡ.’

‘ಮೂವತ್ತೊಂದು ವರ್ಷದಲ್ಲಿ ಇದೊಂದನ್ನ ಮಾತ್ರ ಹೇಳಿರಲಿಲ್ಲ ನೀವು’ ಎಂದೆ. ಅವರು ನಕ್ಕರು. ಕಾವಲಿನವರು ಇದಕ್ಕೆ ಸಾಕ್ಷಿ.

ಒತ್ತು ಎಂದರು, ಒತ್ತಿದೆ. ಚಕ್ರ ಅಂಗೈಯಗಲದಷ್ಟು ತಿರುಗಿತು. ಬಿಡು ಎಂದರು, ಬಿಟ್ಟೆ. ಹೀಗೆ ಹದಿನೇಳು ಸಲ ಮಾಡಿದೆವು. ಅವರ ಕೈ ನಡುಗುತ್ತಲೇ ಇತ್ತು, ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅಷ್ಟು ಭಾರದ ಚಕ್ರಕ್ಕೆ ಆ ನಡುಕ ತಾಗಲಿಲ್ಲ. ಅವರ ಕಣ್ಣು ಲಿಫ್ಟಿನ ಉಕ್ಕಿನ ಹಗ್ಗದ ಮೇಲಿನ ಹಳದಿ ಬಣ್ಣದ ಗುರುತಿನ ಮೇಲೆಯೇ ಇತ್ತು. ಪ್ರತಿ ಹಂತಕ್ಕೂ ಹಗ್ಗದ ಮೇಲೆ ಹಾಗೆ ಗುರುತು ಹಾಕಿರುತ್ತಾರಂತೆ. ಗುರುತು ಸರಿಯಾದ ಜಾಗಕ್ಕೆ ಬಂದಾಗ ಅವರು ಚಕ್ರ ಬಿಟ್ಟು, ಈಗ ಬಾಗಿಲು ತೆಗೆಸಿ ಎಂದು ಕಾವಲಿನವರಿಗೆ ಹೇಳಿದರು. ಕಾವಲಿನವರು ವೈರ್‌ಲೆಸ್ಸಿನಲ್ಲಿ ನಾಲ್ಕನೆಯ ಹಂತದಲ್ಲಿದ್ದ ತಮ್ಮ ಜೊತೆಯವರಿಗೆ ತಿಳಿಸಿದರು. 3 ಗಂಟೆ 31 ನಿಮಿಷಕ್ಕೆ ಬಾಗಿಲು ತೆರೆಯಿತು. ಒಂಬತ್ತೂ ಜನ ಹೊರಗೆ ಬಂದರೆಂದು ವೈರ್‌ಲೆಸ್ಸಿನಲ್ಲಿ ಕೇಳಿಸಿತು. ಮಗುವಿನ ವಿಷಯ ಎರಡು ನಿಮಿಷ ಏನೂ ಕೇಳಿಸಲಿಲ್ಲ. ನಾನು ಹಿಡಿಯನ್ನು ಬಿಡದೆ ಹಾಗೆಯೇ ನಿಂತಿದ್ದೆ. ಆಮೇಲೆ, ಮಗು ಔಷಧಿ ಎಳೆದುಕೊಂಡಿತು, ಈಗ ನೀರು ಕೇಳುತ್ತಿದೆ ಎಂದರು.

3 ಗಂಟೆ 52 ನಿಮಿಷಕ್ಕೆ ಅಗ್ನಿಶಾಮಕ ದಳದವರು ಬಂದರು. 4 ಗಂಟೆ 40 ನಿಮಿಷಕ್ಕೆ ಬಂದ ಲಿಫ್ಟ್ ಕಂಪನಿಯವರು ಯಂತ್ರದ ಕೋಣೆಯನ್ನು ಪರಿಶೀಲಿಸಿ, ಕೆಲಸ ಕ್ರಮ ತಪ್ಪದೆ ನಡೆದಿದೆ, ಆದರೆ ಬೀಗ ಒಡೆದದ್ದು ತಪ್ಪು ಎಂದರು. ಗೋಪುರದ ಮ್ಯಾನೇಜರ್ ದೂರು ಕೊಟ್ಟರು. ಅವರ ಮೇಲೆ ನನಗೆ ಬೇಸರವಿಲ್ಲ. ದಿನಾ ಬಂದವರೆಲ್ಲ ಬೀಗ ಒಡೆದರೆ ಗೋಪುರ ನಡೆಸುವುದು ಹೇಗೆ.

5 ಗಂಟೆ 15 ನಿಮಿಷಕ್ಕೆ ನಮ್ಮಿಬ್ಬರನ್ನೂ ಜೀಪಿನಲ್ಲಿ ಕರೆತರಲಾಯಿತು. ದಾರಿಯಲ್ಲಿ ಯಜಮಾನರು ನನ್ನ ಬಲ ಅಂಗೈ ತೆಗೆದುಕೊಂಡು ನೋಡಿದರು. ಹಿಡಿ ಒತ್ತಿ ಎರಡು ಬೊಬ್ಬೆ ಎದ್ದಿದ್ದವು. ಠಾಣೆ ಬರುವವರೆಗೂ ಕೈ ಬಿಡಲಿಲ್ಲ. ಜೀಪಿನಲ್ಲಿ ಎದುರಿಗೆ ಪೇದೆಯವರು ಕುಳಿತಿದ್ದರು, ಆದರೂ ತಮ್ಮ ನಡುಗುವ ಕೈಯನ್ನು ಯಜಮಾನರು ಮರೆಮಾಡಲಿಲ್ಲ. ಲಿಫ್ಟಿನಲ್ಲಿದ್ದ ಒಂಬತ್ತು ಜನರಲ್ಲಿ ಏಳು ಜನ ಈಗ ಠಾಣೆಯ ಹೊರಗೆ ಬಂದು ನಿಂತಿದ್ದಾರೆ. ಗೋಪುರದ ಕಾವಲಿನವರೂ ಪಾಳಿ ಮುಗಿಸಿ ಬಂದು, ಕಂಡದ್ದನ್ನು ಹೇಳಲು ಸಿದ್ಧ ಎಂದು ಬೆಂಚಿನ ಮೇಲೆ ಕುಳಿತಿದ್ದಾರೆ.

ಇಷ್ಟು ಬರೆದುಕೊಂಡ ನಂತರ ಬರಹಗಾರರು, ಪಕ್ಕದ ಕೋಣೆಯಲ್ಲಿ ನಮ್ಮ ಯಜಮಾನರು ಬೇರೆಯೇ ಹೇಳಿಕೆ ಕೊಟ್ಟಿರುವುದಾಗಿ ತಿಳಿಸಿದರು. ಬೀಗ ಒಡೆದವರು ತಾವೇ, ಹೆಂಡತಿ ಆ ಹೊತ್ತಿಗೆ ಇನ್ನೂ ಮೆಟ್ಟಿಲು ಹತ್ತುತ್ತಿದ್ದಳು, ಅವಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಸಹಿಯನ್ನೂ ಹಾಕಿದ್ದಾರಂತೆ. ಯಾವುದರಿಂದ ಒಡೆದರೆಂದು ಕೇಳಿಕೊಂಡು ಬನ್ನಿ ಎಂದೆ. ಬರಹಗಾರರು ಹೋಗಿ ಬಂದು, ಸುತ್ತಿಗೆಯಿಂದ ಎಂದಿದ್ದಾರೆ ಎಂದರು. ಅಲ್ಲಿ ಸುತ್ತಿಗೆ ಇರಲಿಲ್ಲ. ಸಿಲಿಂಡರಿನ ತಳ ನೋಡಿದರೆ ಬೀಗ ತಾಗಿದ ಗುರುತು ಕಾಣುತ್ತದೆ. ನಿಮ್ಮ ಗಂಡ ಸುಳ್ಳು ಹೇಳುವವರೇ ಎಂದು ಬರಹಗಾರರು ಕೇಳಿದ್ದಕ್ಕೆ, ನನಗೆ ತಿಳಿದಂತೆ ಇದೇ ಮೊದಲನೆಯದು ಎಂದೆ. ಅವರ ಹೇಳಿಕೆ ಎಷ್ಟು ಉದ್ದವಿದೆ ಎಂದು ಕೇಳಿದೆ. ಮೂರೂವರೆ ಪುಟ, ಇನ್ನೂ ಹೇಳುವುದಿದೆ ಎಂದು ಕಾಗದ ಕೇಳುತ್ತಿದ್ದಾರೆ ಎಂದರು. ಮೂರೂವರೆ ಪುಟವೇ ಎಂದು ನಾನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡೆ.

ನಾನು ಹೇಳಿದ್ದನ್ನೇ ಬರೆದಿದ್ದಾರೆ, ಓದಿಸಿ ಕೇಳಿದ್ದೇನೆ, ಸರಿಯಾಗಿದೆ. ನನಗೆ ತಿಳಿದ ಮಟ್ಟಿಗೆ ಇದರಲ್ಲಿ ಸುಳ್ಳಿಲ್ಲ. ಬೀಗದ ವಿಚಾರದಲ್ಲಿ ಎರಡು ಹೇಳಿಕೆಗಳು ಹೊಂದದಿದ್ದರೆ ನನ್ನದನ್ನೇ ನಂಬಿ, ಕ್ರಮ ಏನಿದ್ದರೂ ನನ್ನ ಮೇಲೆ ಜರುಗಿಸಬೇಕು. ಯಜಮಾನರಿಗೆ ಅವರು ಕೇಳಿದಷ್ಟು ಕಾಗದ ಕೊಡಬೇಕಾಗಿ ಕೋರುತ್ತೇನೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೋಣೆ
ದಿನಾಂಕ: ಮೇ ತಿಂಗಳ ಮೂರನೆಯ ಶನಿವಾರ, ಸಂಜೆ 6 ಗಂಟೆ 45 ನಿಮಿಷ
ಹೇಳಿಕೆ ಕೊಟ್ಟವರ ಸಹಿ (ಬೊಬ್ಬೆಯಿಂದಾಗಿ ಎಡಗೈಯಲ್ಲಿ ಹಾಕಿದ್ದು)