ಬೀಗ ಇಲ್ಲದ ಮನೆಯ ಮೀಟರು

ಕರೆಂಟ್ ಹೋಯ್ತಾ? ಹೋಗ್ಲಿ ಬಿಡಿ. ಆ ಮೊಬೈಲ್ ಲೈಟು ಆರ್ಸಿ ಒಂದ್ಸಲ, ಕಣ್ಣಿಗೆ ಹೊಡೀತೈತೆ. ಹತ್ರ ಬಂದು ಕೂತ್ಕೊಳ್ಳಿ. ಕರೆಂಟಿಂದೇ ಒಂದು ಸಂಗತಿ ಐತೆ, ಇಂಥ ಹೊತ್ತಲ್ಲೇ ಹೇಳ್ಬೇಕು. ಕಟ್ಟುಕತೆ ಅಲ್ಲ ಮತ್ತೆ, ನಮ್ಮ ದೊಡ್ಡಪ್ಪನ ಮಗ ಚಲಪತಿಗೆ ಆಗಿದ್ದು. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ಅಲ್ಲಿಗೇ ನಿಲ್ಲಿಸಿ ಎದ್ದು ಹೋಗ್ತೀನಿ. ನನ್ನ ಬುದ್ಧಿ ನಿಮಗೆ ಗೊತ್ತು.

ಚಲಪತಿ ಮೀಟರ್ ರೀಡರು. ಕಂಟ್ರಾಕ್ಟ್ ಕೆಲಸ. ಊರು ಬೂದಿಕೋಟೆ ಕಡೆ, ಕೆಲಸ ಕೆಜಿಎಫ್‌ನಲ್ಲಿ, ಉರಿಗಾಂನ ಲೈನ್ ಮನೆಗಳಲ್ಲಿ, ಗಣಿ ಕಂಪ್ನಿಯೋರು ಕೂಲಿಗಳಿಗೆ ಕಟ್ಟಿಸಿದ ಸಾಲುಮನೆ ಅವು. ದಿನಾ ಬೈಕಲ್ಲಿ ಹೋಗಿ ಬರೋನು. ಅವತ್ತು ಬಂಗಾರಪೇಟೆ ಹತ್ರ ಟೈರು ಪಂಕ್ಚರ್ ಆಯ್ತು. ಅಂಗಡಿಯೋನು ಬೆಳಗ್ಗೆ ಬಾ ಅಂದ. ಕೊನೇ ಬಸ್ಸು ಹಿಡಿದು ಬೂದಿಕೋಟೇಲಿ ಇಳಿದಾಗ ರಾತ್ರಿ ಒಂಬತ್ತೂವರೆ. ಅಲ್ಲಿಂದ ಮನೆಗೆ ಎರಡು ಮೈಲಿ ನಡಿಗೆ.

ದಾರೀಲಿ ಒಂದು ಆಲದಮರ. ಅದರ ಬುಡದಲ್ಲಿ ಕಲ್ಲು ಕಟ್ಟಿದ ಬಾವಿ, ನೀರು ಬತ್ತಿ ವರ್ಷಗಳೇ ಆದ್ವು. ಪಕ್ಕದಲ್ಲಿ ಮೋಟ್ರಿನ ಸ್ಟಾರ್ಟರ್ ಡಬ್ಬ, ತುಕ್ಕು ಹಿಡಿದು ನಿಂತೈತೆ. ಒಳಗಿನ ವೈರನ್ನ ಯಾವನೋ ಕಿತ್ತು ಮಾರ್ಕೊಂಡು ಎಷ್ಟೋ ಕಾಲ ಆಯ್ತು.

ಬಾವಿಗೆ ಇನ್ನು ಹತ್ತು ಹೆಜ್ಜೆ ಐತೆ ಅನ್ನುವಾಗ ಒಂದು ಸದ್ದು.

ಗುಂಯ್... ಪುಸ್ಸ್.

ಗುಂಯ್... ಪುಸ್ಸ್.

ಅದರ ಜತೆಗೇ ಮೆಲ್ಲಗೆ, ಬುಳ... ಬುಳ... ಬುಳ...

ಚಲಪತಿ ನಿಂತ. ಈ ಸದ್ದು ಅವನಿಗೆ ಗೊತ್ತು. ಎರಡು ವರ್ಷದಿಂದ ತಿಂಗಳಿಗೊಂದ್ಸಲ ಕೇಳಿದ್ದಾನೆ. ಆದ್ರೆ ಇಲ್ಲಲ್ಲ. ಅಲ್ಲಿ, ಉರಿಗಾಂನಲ್ಲಿ, ಕೋದಂಡಪ್ಪನ ಮನೆ ಒಳಗೆ.

ಆ ಕೋದಂಡಪ್ಪ ಯಾರು ಅಂತ ಹೇಳ್ಬಿಡ್ತೀನಿ, ಇಲ್ದಿದ್ರೆ ನಿಮಗೆ ತಲೆಬುಡ ತಿಳಿಯಲ್ಲ. ಗಣಿಯೊಳಗೆ ಇಳಿದು ಕೆಲಸ ಮಾಡಿದ ಮುದುಕ. ಎದೆ ತುಂಬ ಕಲ್ಲಿನ ಧೂಳು. ಹತ್ತು ಹೆಜ್ಜೆ ನಡೆದ್ರೆ ಉಸಿರು ಸಿಗ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಉಸಿರಿನ ಮಿಶಿನ್ ಕೊಟ್ಟಿದ್ರು. ಆಕ್ಸಿಜನ್ ಮಿಶಿನ್ ಅಂತಾರಲ್ಲ, ಅದು. ಗುಂಯ್ ಅಂತ ಗಾಳಿ ಎಳ್ಕೊಳ್ಳೋದು, ಪುಸ್ಸ್ ಅಂತ ಬಿಡೋದು. ಅದಕ್ಕೆ ಒಂದು ಚಿಕ್ಕ ನೀರಿನ ಬಾಟ್ಲಿ, ಗಾಳಿ ಅದರೊಳಗಿಂದ ಬುಳಬುಳ ಅಂತ ಬಂದು ಮೂಗಿನ ನಳಿಗೆಗೆ ಹೋಗೋದು. ಹಗಲೂ ರಾತ್ರಿ ಓಡ್ಬೇಕು. ಕರೆಂಟ್ ಇದ್ರೆ ಕೋದಂಡಪ್ಪ, ಇಲ್ಲಾಂದ್ರೆ ಇಲ್ಲ. ಅಷ್ಟೇ ಲೆಕ್ಕ.

ಆದ್ರೆ ಅವರ ಮೀಟರಿಗೆ ನಂಬರೇ ಇರಲಿಲ್ಲ. ಹಳೇ ಕಾಲದ ಚಕ್ರದ ಮೀಟರು, ಯಾವನೋ ವೈರ್‌ಮನ್ ತಂದು ಗೋಡೆಗೆ ಹೊಡೆದು ಹೋಗಿದ್ದ. ಗಂಡ ಹೆಂಡ್ತಿ ಇಬ್ರೂ, ಮೀಟರ್ ಕೂರ್ಸಿದ್ಮೇಲೆ ಮುಗೀತು ಅಂದ್ಕೊಂಡಿದ್ರು. ಆಫೀಸಲ್ಲಿ ಬರೆಸ್ಬೇಕು, ನಂಬರ್ ತಗೋಬೇಕು ಅಂತ ಯಾರು ಹೇಳ್ಬೇಕು ಅವರಿಗೆ? ಆಮೇಲೆ ಬರೆಸೋಕೆ ಹೋದ್ರೆ ಮನೆ ಪತ್ರ ತನ್ನಿ ಅಂದ್ರು. ಲೈನ್ ಮನೆಗೆ ಪತ್ರ ಎಲ್ಲಿಂದ ತರೋದು, ಅವರ ಹೆಸರಿಗೇ ಇನ್ನೂ ಆಗಿಲ್ವಲ್ಲ. ಅತ್ತ ದರಿ ಇತ್ತ ಪುಲಿ. ಹಂಗೇ ಎರಡು ವರ್ಷ, ಕರೆಂಟ್ ಉರೀತಿತ್ತು, ಬಿಲ್ ಬರ್ತಿರಲಿಲ್ಲ.

ಚಲಪತಿ ಕೈಲಿರೋ ಬಿಲ್ಲಿನ ಮಿಶಿನ್‌ಗೆ ಆ ಮನೆ ಗೊತ್ತೇ ಇಲ್ಲ. ಸುಮ್ನೆ ಮುಂದಕ್ಕೆ ಹೋಗ್ಬಹುದಿತ್ತು. ಕೋದಂಡಪ್ಪನ ಹೆಂಡ್ತಿ ಅಮ್ಮಾಜಮ್ಮ ಬಿಡ್ತಿರಲಿಲ್ಲ. ಬರ್ಕೊ ನಾಯ್ನಾ, ನಾವು ಕಳ್ರಲ್ಲ, ಮುಂದೆ ಯಾವತ್ತಾದ್ರೂ ಕೇಳಿದ್ರೆ ಲೆಕ್ಕ ಇರ್ಲಿ ಅನ್ನೋಳು. ಹಾಲಿನ ಲೆಕ್ಕ ಬರೆಯೋ ಹಂಗೆ ಬಾಗಿಲ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಸೋಳು. ಪ್ರತಿ ತಿಂಗಳು ಒಂದು ಸಾಲು. ಓದೋಕೆ ಬರಲ್ಲ ಅವಳಿಗೆ, ಆದ್ರೆ ಸಾಲು ಎಣಿಸೋಳು. ಆಮೇಲೆ ಚಲಪತಿಗೆ ಒಂದು ಲೋಟ ಕಾಫಿ.

ಈ ಸಲ ಆಫೀಸಲ್ಲಿ ಗಲಾಟೆ ಎದ್ದಿತ್ತು. ಟ್ರಾನ್ಸ್‌ಫಾರ್ಮರಿಂದ ಹೋದ ಕರೆಂಟಿಗೂ ಬಿಲ್ಲಾದ ಕರೆಂಟಿಗೂ ತಾಳಮೇಳ ಇಲ್ಲ. ನಂಬರ್ ಇಲ್ಲದ ಮೀಟರೆಲ್ಲ ಪಟ್ಟಿ ಮಾಡಿ ಕೊಡು ಅಂತ ಚಲಪತಿಗೆ ಕಾಗದ ಕೊಟ್ರು. ಹದಿಮೂರು ಮನೆ ಬರೆದ. ಹದಿನಾಲ್ಕನೇದು, ಕೋದಂಡಪ್ಪನ ಮನೆಗೆ ಬಂದಾಗ ಕೈ ನಿಂತುಹೋಯ್ತು. ಒಳಗೆ ರೋಗಿ ಇದ್ದಾನೆ ಅಂತ ಬರೆದ್ರೆ, ಎರಡು ವರ್ಷ ಯಾಕಪ್ಪ ಬಾಯಿ ಮುಚ್ಕೊಂಡಿದ್ದೆ ಅಂತ ಇವನನ್ನೇ ಹಿಡೀತಾರೆ. ಕೆಲಸ ಹೋಗುತ್ತೆ. ಅದಕ್ಕೆ ಮುಂದಿನ ಕಾಲಂನಲ್ಲಿ ಒಂದು ಪದ ಬರೆದ.

ಬೀಗ.

ಮೀಟರ್ ರೀಡರುಗಳ ರೂಢಿ ಅದು. ಮನೆ ಬೀಗ ಅಂತ ಬರೆದ್ರೆ ಆ ಮನೆ ಮುಂದಿನ ತಿಂಗಳಿಗೆ. ಒಂದು ತಿಂಗಳು ಸಿಕ್ರೆ ಯಾರ ಕೈಕಾಲಾದ್ರೂ ಹಿಡಿದು ಪತ್ರ ಮಾಡಿಸ್ಬಹುದು ಅಂತ ಅವನ ಯೋಚನೆ. ಅಯ್ಯೋ, ಒಳ್ಳೇದಕ್ಕೇ ಮಾಡಿದ ಪಾಪ. ತನಗೂ ಒಳ್ಳೇದು, ಅವರಿಗೂ ಒಳ್ಳೇದು ಅಂದ್ಕೊಂಡ.

ಸರಿ, ಈಗ ಬಾವಿ ಹತ್ರ ಬನ್ನಿ.

ಗುಂಯ್... ಪುಸ್ಸ್. ಸದ್ದು ಬಾವಿ ಒಳಗಿಂದ ಬರ್ತೈತೆ. ಗುಂಯ್... ಅಂತು. ಪುಸ್ಸ್ ಅನ್ನಲಿಲ್ಲ. ನಡುವೆಯೇ ನಿಂತುಹೋಯ್ತು.

ಆಮೇಲೆ... ಟೀ......

ಸಣ್ಣಗೆ, ಉದ್ದಕ್ಕೆ. ಕರೆಂಟ್ ಹೋದಾಗ ಆ ಮಿಶಿನ್ ಹಂಗೆ ಕೂಗುತ್ತೆ. ಅದೂ ನಿಂತಾಗ ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ರು. ಇವನ ಕಡೆ ಬೆನ್ನು. ಭುಜ ಮೇಲೆ ಕೆಳಗೆ ಆಗ್ತಿತ್ತು, ಉಸಿರಿಗೆ ಒದ್ದಾಡೋರ ಹಂಗೆ.

"ಯಾರು?" ಅಂದ ಚಲಪತಿ.

"ಚಲಪತೀ..."

ಕೂತೋರು ತಿರುಗದೇನೇ ಮಾತಾಡಿದ್ರು.

"ಬಾಗ್ಲಿಗೆ ಬೀಗ ಆಕಿಲ್ಲಪ್ಪಾ..." ಪಿಸುಮಾತು. ಒಂದೊಂದು ಪದಕ್ಕೂ ನಿಂತು ನಿಂತು. "ಒಳ್ಗೆ... ನಾನಿದ್ದೀನಿ..."

ಅಷ್ಟೇ. ಕಟ್ಟೆ ಮೇಲೆ ಯಾರೂ ಇಲ್ಲ. ಆಲದ ಎಲೆ ಒಂದೂ ಅಲ್ಲಾಡ್ತಿಲ್ಲ. ಚಲಪತಿ ಮನೆಗೆ ಹೆಂಗೆ ಬಂದ ಅಂತ ಅವನಿಗೂ ಗೊತ್ತಿಲ್ಲ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ರಾತ್ರಿಯೆಲ್ಲ ಕಂಬಳಿ ಹೊದ್ಕೊಂಡು ಕೂತಿದ್ದ.

ಬೆಳಗ್ಗೆ ಲೈನ್‌ಮನ್ ಮುನಿರಾಜ್ ಫೋನು. ಹಿಂದಿನ ದಿನ ಆ ಪಟ್ಟಿ ಹಿಡ್ಕೊಂಡು ಕರೆಂಟ್ ಕಟ್ ಮಾಡೋಕೆ ಹೋಗಿದ್ದೋರಲ್ಲಿ ಅವನೂ ಒಬ್ಬ. ಜನ ಇರೋ ಮನೆಗಳಲ್ಲಿ ಬಾಗಿಲು ತಟ್ಟಿದ್ರಂತೆ, ಅವರು ಬೇಡ್ಕೊಂಡ್ರಂತೆ, ವಾರ ಗಡುವು ಕೊಟ್ಟು ಬಂದ್ರಂತೆ. ಹದಿಮೂರು ಮನೆಗೂ ಗಡುವು. ಪಟ್ಟೀಲಿ ಬೀಗ ಅಂತ ಇದ್ದ ಒಂದೇ ಮನೆಗೆ, ಯಾರೂ ಇಲ್ವಲ್ಲ, ಯಾರ ಹತ್ರ ಮಾತಾಡೋದು ಅಂತ ಬೀದೀಲೇ ನಿಂತು ಕಂಬದಿಂದಲೇ ವೈರು ಕತ್ತರಿಸಿದ್ರು. ಆಗ ಸಾಯಂಕಾಲ ನಾಲ್ಕು ಗಂಟೆ. ಅಮ್ಮಾಜಮ್ಮ ಆಂಡರ್ಸನ್‌ಪೇಟೇಲಿ ರೇಷನ್ ಕ್ಯೂನಲ್ಲಿ ನಿಂತಿದ್ಳು. ಹೆಬ್ಬೆಟ್ಟು ತಗೊಳ್ಳೋ ಮಿಶಿನ್ ಕೆಟ್ಟು ಹೊತ್ತಾಯ್ತು. ಅವಳು ಬಂದಾಗ ನಳಿಗೆ ಇನ್ನೂ ಮೂಗಲ್ಲೇ ಇತ್ತಂತೆ.

ನಿಜ ಬರೆದಿದ್ರೆ ವಾರ ಗಡುವು ಸಿಗ್ತಿತ್ತು. ಚಲಪತಿ ನನ್ನ ಹತ್ರ ಇದನ್ನ ಎಷ್ಟು ಸಲ ಹೇಳಿದ್ದಾನೋ. ನಿಜ ಬರೆದಿದ್ರೆ ಉಳೀತಿದ್ದ, ಅಣ್ಣ.

ಉರಿಗಾಂಗೆ ಹೋದ. ಹೆಣ ಎತ್ತೋಕೆ ಹೆಗಲು ಕೊಟ್ಟ. ಅಮ್ಮಾಜಮ್ಮ ಇವನ ಕೈ ಹಿಡ್ಕೊಂಡು ಹೇಳಿದ್ಳು: "ನೀನು ಅವ್ರ ಜೊತೆ ಬಂದಿದ್ರೆ ಇಂಗಾಗ್ತಿರ್ಲಿಲ್ಲ ನಾಯ್ನಾ. ನಿಂಗೆ ಗೊತ್ತಲ್ಲ, ನಾವು ಬೀಗಾನೇ ಆಕಲ್ಲ ಅಂತ."

ಗೊತ್ತಿತ್ತು. ಕೋದಂಡಪ್ಪ ಎದ್ದು ಬಂದು ಬಾಗಿಲು ತೆಗೆಯೋ ಹಂಗಿರಲಿಲ್ಲ, ಅದಕ್ಕೆ ಹಗಲು ಹೊರಗೆ ಹೋಗುವಾಗ ಅವಳು ಬಾಗಿಲನ್ನ ಬರೀ ಮುಂದಕ್ಕೆ ಎಳ್ಕೊಂಡು ಹೋಗೋಳು. ಚಲಪತಿ ಕಣ್ಣು ಅಭ್ಯಾಸಕ್ಕೆ ಮೀಟರ್ ಕಡೆ ಹೋಯ್ತು. ಆರು ಸಾವಿರದ ನೂರ ಹದಿನೆಂಟು. ಚಕ್ರ ನಿಂತಿತ್ತು. ತಲೆ ಮೇಲೆ ತುಂಡಾದ ವೈರು ನೇತಾಡ್ತಿತ್ತು.

ಮೂರನೇ ದಿನ ತಡೀಲಾರದೆ ಆಫೀಸಿಗೆ ಹೋಗಿ ಇಂಜಿನಿಯರ್ ಮುಂದೆ ನಿಂತು ಎಲ್ಲ ಹೇಳ್ಬಿಟ್ಟ. ಸುಳ್ಳು ಬರೆದಿದ್ದು ನಾನು, ಏನ್ ಮಾಡ್ತೀರೋ ಮಾಡಿ ಅಂದ. ಆ ಇಂಜಿನಿಯರ್ ಹುಡುಗ ಕೆಟ್ಟೋನಲ್ಲ. ಕಂಪ್ಯೂಟರಲ್ಲಿ ಹುಡುಕಿದ, ಪಟ್ಟಿ ತೆಗೆದು ನೋಡಿದ, ತಲೆ ಮೇಲೆ ಕೈ ಇಟ್ಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಆ ಮೀಟರು ನಮ್ಮಲ್ಲಿ ಇಲ್ವೇ ಇಲ್ಲ ಚಲಪತಿ. ಇಲ್ಲದ ಮೀಟರನ್ನ ಕಟ್ ಮಾಡಿದ್ವಿ ಅಂತ ಎಲ್ಲಿ ಬರೀಲಿ ನಾನು?"

ನೋಡಿದ್ರಾ? ತಪ್ಪು ಒಪ್ಕೊಳ್ಳೋಕೂ ಒಂದು ನಂಬರ್ ಬೇಕು. ಬೈಸ್ಕೊಳ್ಳೋಣ ಅಂತ ಹೋದೋನಿಗೆ ಬೈಗುಳನೂ ಸಿಗಲಿಲ್ಲ. ಕೆಲಸಾನೂ ಹೋಗಲಿಲ್ಲ. ಅದೇ ದೊಡ್ಡ ಶಿಕ್ಷೆ ಆಯ್ತು ಅವನಿಗೆ.

ತಿಂಗಳು ತುಂಬಿದ ದಿನ ಅಮ್ಮಾಜಮ್ಮ ಕರೆದ್ಳು. ಮಿಶಿನ್ ಕೊಟ್ಟೋರು ಅದನ್ನ ವಾಪಸ್ ತಗೊಂಡು ಹೋಗಿದ್ರು. ಅದು ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ. ನೀರಿನ ಬಾಟ್ಲಿ ಒಂದನ್ನ ಮಾತ್ರ ಇವಳು ಕೇಳಿ ಇಟ್ಕೊಂಡು, ಗೂಡಲ್ಲಿ ಕೋದಂಡಪ್ಪನ ಫೋಟೋ ಪಕ್ಕ ಇಟ್ಟಿದ್ಳು. ಕಾಫಿ ಕೊಟ್ಟು, ಬರ್ಕೊ ನಾಯ್ನಾ ಅಂದ್ಳು. ಏನು ಬರ್ಕೊಳ್ಳೋದಮ್ಮ, ಕರೆಂಟೇ ಇಲ್ವಲ್ಲ ಅಂದ ಇವನು. ಅವಳು ಸುಮ್ನೆ ಮೀಟರ್ ಕಡೆ ಗಲ್ಲ ಎತ್ತಿ ತೋರ್ಸಿದ್ಳು.

ವೈರು ನೇತಾಡ್ತಾನೇ ಐತೆ. ಕಾಗೆ ಬಂದು ಕೂತು ಹೋಗ್ತೈತೆ ಅದರ ಮೇಲೆ. ಕೆಳಗೆ ಚಕ್ರ ತಿರುಗ್ತೈತೆ... ಮೆಲ್ಲಗೆ... ಕಪ್ಪು ಗುರುತು ಬಂತು, ಹೋಯ್ತು, ಮತ್ತೆ ಬಂತು.

ಆರು ಸಾವಿರದ ಮುನ್ನೂರ ಐವತ್ತೆಂಟು. ಇನ್ನೂರ ನಲವತ್ತು ಯೂನಿಟ್. ಕೋದಂಡಪ್ಪ ಬದುಕಿದ್ದಾಗ ತಿಂಗಳಿಗೆ ಎಷ್ಟು ಆಗ್ತಿತ್ತೋ ಅಷ್ಟೇ.

ಸೀಮೆಸುಣ್ಣ ಹಿಡಿದು ಗೋಡೆ ಮೇಲೆ ಬರೆದ. ಮುನಿರಾಜನ್ನ ಕರೆದು, ಆ ಮೀಟರ್ ಬಿಚ್ಚಿಕೊಂಡು ಹೋಗೋ ಅಂತ ಬೇಡ್ಕೊಂಡ. ನಂಬರ್ ಇಲ್ಲದ್ದನ್ನ ಬಿಚ್ಚಿ ಯಾವ ಲೆಕ್ಕಕ್ಕೆ ಜಮಾ ಮಾಡ್ಲಿ, ನಾನು ಮುಟ್ಟಲ್ಲ ಅಂದ ಅವನು. ಎರಡನೇ ತಿಂಗಳೂ ಇನ್ನೂರ ನಲವತ್ತು. ಮೂರನೇ ತಿಂಗಳೂ ಅಷ್ಟೇ. ಚಲಪತಿ ಅರ್ಧ ಆಗಿಹೋದ. ಊಟ ಸೇರಲ್ಲ, ಬೀಗ ಹಾಕಿದ ಮನೆ ಕಂಡ್ರೆ ಮೆಟ್ಟಿಲ ಮೇಲೆ ಕೂತು ಯಾರಿದ್ದೀರಾ ಒಳಗೆ, ಯಾರಿದ್ದೀರಾ ಅಂತ ಕೂಗ್ತಾ ಇರೋನು. ಜನ ತಲೆ ಕೆಟ್ಟೈತೆ ಅಂದ್ರು. ನಾನೂ ಅಂದೆ, ಸುಳ್ಳು ಯಾಕೆ ಹೇಳ್ಲಿ.

ನಾಲ್ಕನೇ ತಿಂಗಳು ಯೂನಿಟ್ ಬರೆದು, ಪಕ್ಕದಲ್ಲಿ ಇನ್ನೊಂದು ಸಾಲು ಬರೆದ. ಅಮ್ಮಾಜಮ್ಮ ನೋಡ್ತಾ ನಿಂತಿದ್ಳು. ಅದೇನು ನಾಯ್ನಾ, ಯಾವತ್ತೂ ಬರೀದೆ ಇರೋದು ಅಂತ ಕೇಳಿದ್ಳು.

ಚಲಪತಿ ಗೋಡೆ ಕಡೆಯೇ ಮುಖ ಮಾಡ್ಕೊಂಡು ಓದಿದ. "ಬೀಗ ಇರಲಿಲ್ಲ. ಒಳಗೆ ಕೋದಂಡಪ್ಪ ಇದ್ದ. ಗೊತ್ತಿದ್ದೂ ಬೀಗ ಅಂತ ಬರೆದೋನು ಚಲಪತಿ."

ಚಲಪತಿ ತಿರುಗಿ ನೋಡೋ ಧೈರ್ಯ ಮಾಡಲಿಲ್ಲ. ಹೊಡೀತಾಳೆ, ಶಾಪ ಹಾಕ್ತಾಳೆ ಅಂತ ಕಾಯ್ದ. ಹಾಕಿದ್ರೆ ಸಾಕಪ್ಪ ಅನ್ನಿಸ್ತಿತ್ತಂತೆ. ಅವಳು ಒಳಗೆ ಹೋಗಿ, ಕಾಫಿ ಲೋಟ ತೊಳೆದು ಬೋರಲು ಹಾಕಿದ್ಳು. ಅವತ್ತು ಕಾಫಿ ಕೊಡಲಿಲ್ಲ. ಹೊಸ್ತಿಲಿಗೆ ಬಂದು ಒಂದೇ ಮಾತು ಅಂದ್ಳು.

"ಮುಂದಿನ್ ತಿಂಗ್ಳೂ ಬಂದು ಬರೀಬೇಕು ನೀನು."

ಇವತ್ತಿಗೂ ಹೋಗ್ತಾನೆ. ಬಿಡೋ ಹಂಗಿಲ್ಲ, ಮಾಡೋಕೆ ಬೇರೇನೂ ಇಲ್ಲ.

ನನಗೂ ನಂಬಿಕೆ ಇರಲಿಲ್ಲ ಕಣ್ರಪ್ಪ. ಹೋದ ಭಾನುವಾರ ಅವನ ಜತೆ ನಾನೇ ಹೋಗಿದ್ದೆ, ಈ ಕಾಲಲ್ಲೇ ನಡ್ಕೊಂಡು. ವೈರು ತುಂಡಾಗೈತೆ, ಕೈಯಲ್ಲಿ ಹಿಡಿದು ನೋಡ್ದೆ, ತಣ್ಣಗೈತೆ. ಚಕ್ರ ತಿರುಗ್ತೈತೆ. ಆ ಗೋಡೆ ಮೇಲಿನ ಸಾಲು ಯಾರೂ ಒರೆಸಿಲ್ಲ. ಬಿಸಿಲು ಅಂತ ಒಳಗೆ ಕೂರೋಕೆ ಹೇಳಿದ್ಳು ಆಯಮ್ಮ. ಕೂತೆ. ಕುಡಿಯೋಕೆ ನೀರು ಕೊಟ್ಳು, ಕುಡಿದೆ. ಗೂಡಲ್ಲಿ ಫೋಟೋ ಪಕ್ಕ ಆ ಚಿಕ್ಕ ಬಾಟ್ಲಿ ಇತ್ತು. ಅದಕ್ಕೆ ನಳಿಗೆ ಇಲ್ಲ, ಮಿಶಿನ್ ಇಲ್ಲ, ಏನೂ ಇಲ್ಲ, ಅರ್ಧ ನೀರು ಹಾಕಿಟ್ಟಿದ್ಳು ಅಷ್ಟೇ. ನನ್ನ ಎರಡು ಕಣ್ಣಾಣೆ ಹೇಳ್ತೀನಿ, ನಾನು ಎದ್ದು ಬರೋವರೆಗೂ ಆ ನೀರು ಬುಳ... ಬುಳ... ಅಂತಾನೇ ಇತ್ತು.